ಕಾಕಾನ ಕ್ಯಾಮೆರಾಕ್ಕೊಂದು ಬ್ಯಾಟರಿ

ನಿಪ್ಪಾಣಿ ಬಸ್ ನಿಲ್ದಾಣದ ಸುತ್ತ ಯಾವ ಮೊಬೈಲ್ ಅಂಗಡಿಯಲ್ಲಿ ಕೇಳಿದರೂ ಬಿಎಲ್-5ಸಿ ಬ್ಯಾಟರಿ ಸಿಗುತ್ತದೆ. ನೋಕಿಯಾ 1100 ಫೋನಿನ ಬ್ಯಾಟರಿ ಅದು. ಆ ಫೋನು ಬಂದದ್ದು 2003ರಲ್ಲಿ. ಈಗ ಅದನ್ನು ಹಿಡಿದು ಓಡಾಡುವವರು ಅಪರೂಪ. ಬ್ಯಾಟರಿ ಮಾತ್ರ ಉಳಿದುಕೊಂಡಿದೆ. ಭಜನೆ ಹಾಡುವ ಡಬ್ಬಿ, ಹೊಲಕ್ಕೆ ಒಯ್ಯುವ ಎಫ್‌ಎಂ ರೇಡಿಯೋ, ಗುಂಡಿ ಒತ್ತುವ ಅಗ್ಗದ ಫೋನು, ಇವುಗಳ ಬೆನ್ನು ಬಿಚ್ಚಿದರೆ ಒಳಗೆ ಬಹುಪಾಲು ಅದೇ ಅಳತೆಯ ಬ್ಯಾಟರಿ. 2007ರ ಆಗಸ್ಟ್‌ನಲ್ಲಿ ನೋಕಿಯಾ ಕಂಪನಿ, ಜಪಾನಿನ ಮತ್ಸುಶಿತಾ ತಯಾರಿಸಿಕೊಟ್ಟಿದ್ದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳು ಚಾರ್ಜ್ ಮಾಡುವಾಗ ವಿಪರೀತ ಬಿಸಿಯಾಗಬಹುದು ಎಂದು ಎಚ್ಚರಿಸಿತ್ತು. ಆಗ ಜನ ಫೋನಿನ ಬೆನ್ನು ತೆಗೆದು ಬ್ಯಾಟರಿಯ ಮೇಲಿನ ಉದ್ದನೆಯ ನಂಬರನ್ನು ತಿಳಿದವರ ಕೈಲಿ ಓದಿಸಿಕೊಂಡರು. ಆ ಗಂಡಾಂತರವನ್ನೂ ದಾಟಿ ಅದು ಬದುಕಿತು. ಒಂದು ಕಂಪನಿಯ ಅಳತೆಯನ್ನು ಹತ್ತಾರು ತಯಾರಕರು ತಮ್ಮದು ಮಾಡಿಕೊಂಡದ್ದರಿಂದ ಬದುಕಿತು.

ನಾನು ಹುಡುಕಿಕೊಂಡು ಹೋದದ್ದು ಅದಲ್ಲ, ಎನ್‌ಪಿ-ಬಿಜಿ1. ಸೋನಿ ಸೈಬರ್‌ಶಾಟ್ ಡಿಎಸ್‌ಸಿ-ಎಚ್50 ಎಂಬ ಕ್ಯಾಮೆರಾದ ಬ್ಯಾಟರಿ. ಕ್ಯಾಮೆರಾ ನಮ್ಮ ಕಾಕಾನದು.

ಕಾಕಾ ಸಕ್ಕರೆ ಕಾರ್ಖಾನೆಯ ತೂಕದ ಕಾಟಾದ ಮೇಲೆ ಕೆಲಸಕ್ಕಿದ್ದ. ಊರು ಕಾಗವಾಡ ತಾಲ್ಲೂಕಿನ ಕೃಷ್ಣೆಯ ದಂಡೆಯ ಜುಗೂಳ. 2008ರಲ್ಲಿ ಎಚ್50 ಹೊಸದಾಗಿ ಬಂದಿತ್ತು. ಆ ದೀಪಾವಳಿಯ ಬೋನಸ್ಸಿನ ಜೊತೆಗೆ ಕೈಯಿಂದಲೂ ಹಾಕಿ ಕೊಲ್ಹಾಪುರಕ್ಕೆ ಹೋಗಿ ತಂದಿದ್ದ. 9.1 ಮೆಗಾಪಿಕ್ಸೆಲ್, 15 ಪಟ್ಟು ಹತ್ತಿರ ಎಳೆಯುವ ಲೆನ್ಸು, ಮೇಲೆ ಕೆಳಗೆ ಬಾಗುವ ಪರದೆ. ಆ ಬಾಗುವ ಪರದೆಯೇ ಕಾಕಾನಿಗೆ ದೊಡ್ಡ ಉಪಕಾರವಾಯಿತು. ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ನೋಡುತ್ತ ತೆಗೆಯಬಹುದು. ಎದುರಿಗಿರುವವರಿಗೆ ತಮ್ಮ ಮುಖಕ್ಕೆ ಏನೋ ಹಿಡಿದಿದ್ದಾರೆ ಅನ್ನಿಸುವುದಿಲ್ಲ. ಹಂಗಾಮಿನಲ್ಲಿ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ಬರುವ ಟೋಳಿಗಳ ಫೋಟೋ ತೆಗೆಯುತ್ತಿದ್ದ. ಎತ್ತಿನ ಗಾಡಿಯ ಸರದಿಯಲ್ಲಿ ರಾತ್ರಿಯೆಲ್ಲ ಕಾಯುವ ಗಂಡಸರು, ಗಾಡಿಯ ಕೆಳಗೆ ಜೋಳಿಗೆಯಲ್ಲಿ ಮಲಗಿದ ಕೂಸು, ಕಬ್ಬಿನ ರವದಿಯ ಗುಡಿಸಲ ಮುಂದೆ ಭಾಕ್ರಿ ತಟ್ಟುವ ಹೆಂಗಸರು. ಫೋಟೋ ಹಾಕಿಸಿ ಮುಂದಿನ ಹಂಗಾಮಿನ ತನಕ ಕಪಾಟಿನಲ್ಲಿ ಜೋಪಾನ ಮಾಡಿ, ಅದೇ ಟೋಳಿ ಮತ್ತೆ ಬಂದಾಗ ಹಂಚುತ್ತಿದ್ದ. ಕೆಲವರು ಬರುತ್ತಿರಲಿಲ್ಲ. ಅವರ ಫೋಟೋಗಳು ಇನ್ನೂ ಅವನ ಟ್ರಂಕಿನಲ್ಲಿವೆ. ಆ ಹಿಂದೆ ಬಿದ್ದ ಫೋಟೋಗಳನ್ನು ನೋಡಿದಾಗೆಲ್ಲ ನನಗೆ ಕಾಕಾನ ಬಗ್ಗೆ ಗೌರವ ಹೆಚ್ಚುತ್ತದೆ.

2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಒಟ್ಟಿಗೇ ಏರಿ ಬಂದವು. ಕ್ಯಾಮೆರಾ ಟ್ರಂಕಿನಲ್ಲಿ ಅಟ್ಟದ ಮೇಲಿತ್ತು, ಉಳಿಯಿತು. ಚಾರ್ಜರು, ಕೇಬಲ್ಲು, ಎರಡನೆಯ ಬ್ಯಾಟರಿ ಗೋಡೆಯ ಗೂಡಿನಲ್ಲಿದ್ದವು. ನೀರು ಇಳಿದ ಮೇಲೆ ರಾಡಿಯೊಳಗೆ ಸಿಕ್ಕವು. ಮನೆ ತೊಳೆದು, ಗೋಡೆ ಕಟ್ಟಿಸಿ, ಬದುಕು ಹಳಿಗೆ ಬರುವುದರೊಳಗೆ ಕ್ಯಾಮೆರಾದೊಳಗಿದ್ದ ಬ್ಯಾಟರಿಯೂ ಸುಮ್ಮನಾಗಿತ್ತು. ಮಗ ಒಳ್ಳೆಯ ಫೋನು ಕೊಡಿಸಿದ್ದಾನೆ. ಆದರೆ ಬೆವರು ಆರದ, ಬಿರುಕುಬಿಟ್ಟ ಬೆರಳಿಗೆ ಆ ಗಾಜಿನ ಪರದೆ ಸ್ಪಂದಿಸುವುದಿಲ್ಲ. ಕಾಕಾನಿಗೆ ಗುಂಡಿ ಬೇಕು, ಒತ್ತಿದರೆ ಒತ್ತಿದೆ ಎಂದು ಬೆರಳಿಗೆ ತಿಳಿಯಬೇಕು. "ಯವ್ವಾ, ನೀ ಚಿಕ್ಕೋಡ್ಯಾಗ ಇರ್ತಿ, ಒಂಚೂರ ಕೇಳಿ ನೋಡ, ಚಾಲೂ ಆಕ್ಕೈತೇನ" ಎಂದ.

ಬೇಕಾಗಿದ್ದವು ಮೂರು: ಬ್ಯಾಟರಿ, ಅದಕ್ಕೊಂದು ಚಾರ್ಜರು, ಒಂದು ಕಾರ್ಡು. ಮೂರೂ ಸೋನಿಯದೇ ಅಳತೆಯ ವಸ್ತುಗಳು. ಬ್ಯಾಟರಿಯನ್ನು ಕ್ಯಾಮೆರಾದೊಳಗೇ ಇಟ್ಟು ಚಾರ್ಜ್ ಮಾಡಲು ಬಾರದು, ಹೊರಗೆ ತೆಗೆದು ಅದರದೇ ಚಾರ್ಜರಿನಲ್ಲಿ ಕೂರಿಸಬೇಕು. ಕಾರ್ಡು ಎಲ್ಲರ ಎಸ್‌ಡಿ ಅಲ್ಲ, ಮೆಮೊರಿ ಸ್ಟಿಕ್ ಡ್ಯುಯೋ. ಸೋನಿ ತನ್ನದೇ ಆದ ಮೆಮೊರಿ ಸ್ಟಿಕ್ಕನ್ನು 1998ರಲ್ಲಿ ತಂದು, 2010ರಲ್ಲಿ ಎಸ್‌ಡಿ ಕಾರ್ಡನ್ನೂ ಒಪ್ಪಿಕೊಂಡಿತು. ನಡುವಿನ ಹನ್ನೆರಡು ವರ್ಷಗಳಲ್ಲಿ ಆ ಕಂಪನಿಯ ಕ್ಯಾಮೆರಾ ಕೊಂಡವರ ನೆನಪುಗಳು ಆ ಪುಟ್ಟ ಉದ್ದನೆಯ ಚಿಪ್ಪಿನಲ್ಲಿವೆ. ಒಲಿಂಪಸ್, ಫ್ಯೂಜಿ ಕೊಂಡವರದು ಇನ್ನೊಂದು ಪಾಡು: 2002ರಲ್ಲಿ ಆ ಎರಡು ಕಂಪನಿಗಳು ತಂದ ಎಕ್ಸ್‌ಡಿ ಕಾರ್ಡು 2 ಜಿಬಿಗಿಂತ ಮುಂದೆ ಬೆಳೆಯಲೇ ಇಲ್ಲ, ಈಗ ಯಾರೂ ಮಾಡುತ್ತಿಲ್ಲ. ಹಳೆಯ ಎಸ್‌ಡಿ ಕ್ಯಾಮೆರಾಗಳಿಗೂ ಒಂದು ತೊಡಕಿದೆ. 2006ಕ್ಕೆ ಮೊದಲು ಬಂದವು ಸಾಮಾನ್ಯವಾಗಿ 2 ಜಿಬಿಗಿಂತ ದೊಡ್ಡ ಕಾರ್ಡನ್ನು ಓದುವುದಿಲ್ಲ. ಅಂಗಡಿಯಲ್ಲೀಗ 32 ಜಿಬಿಗಿಂತ ಚಿಕ್ಕದು ಕೇಳಿದರೆ ಹುಡುಗರು ಅಚ್ಚರಿಪಡುತ್ತಾರೆ.

ಚಿಕ್ಕೋಡಿಯ ಸ್ಟುಡಿಯೋದವರು ಒಳ್ಳೆಯ ಜನ. ತಹಶೀಲ್ದಾರ ಕಚೇರಿಯ ಕಡೆ ಪಾಸ್‌ಪೋರ್ಟ್ ಅಳತೆಯ ಫೋಟೋಕ್ಕೆ ಬರುವವರ ಗದ್ದಲದ ನಡುವೆಯೂ ನನ್ನ ಕ್ಯಾಮೆರಾ ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, "ಭಾರಿ ಮಾಲ್ ಇತ್ರೀ ಇದು" ಅಂದರು. ಕೆಳಗಿನ ಖಾನೆ ಎಳೆದರೆ ಅದರ ತುಂಬ ಚಾರ್ಜರುಗಳು, ಹೆಸರು ಅಳಿಸಿಹೋದವು, ವೈರು ಹರಿದವು, ಯಾವುದಕ್ಕೆ ಯಾವುದೆಂದು ತಿಳಿಯದವು. ಕೊಡಾಕ್, ನಿಕಾನ್, ಕ್ಯಾನನ್, ಸ್ಯಾಮ್‌ಸಂಗ್. ಒಂದೊಂದಕ್ಕೂ ಒಂದೊಂದು ಆಕಾರ. ಮದುವೆಗೆ ಈಗ ಅವರು ಮಿರರ್‌ಲೆಸ್ ಒಯ್ಯುತ್ತಾರೆ, ಹೊಲದ ನಡುವೆ ಪ್ರಿವೆಡ್ಡಿಂಗ್‌ಗೆ ಡ್ರೋನ್ ಹಾರಿಸುತ್ತಾರೆ. ಆ ಖಾನೆಯನ್ನು ಮಾತ್ರ ಎಸೆಯಲು ಮನಸ್ಸಾಗಿಲ್ಲ. "ಯಾರರೆ ಬರ್ತಾರ್ರೀ ಅಕ್ಕಾರ, ನಿಮ್ಮಂಗ" ಎಂದು ಖಾನೆಯನ್ನು ಪೂರಾ ಹೊರಗೆ ತೆಗೆದು ಕೌಂಟರಿನ ಮೇಲೆ ಸುರಿದರು. ನಮ್ಮದು ಅದರಲ್ಲಿರಲಿಲ್ಲ.

ಎಷ್ಟು ಮಂದಿ ಬರುತ್ತಾರೆ ಎಂಬುದಕ್ಕೆ ಒಂದು ಲೆಕ್ಕವಿದೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘ ಸಿಪಾದ ಪ್ರಕಾರ 2010ರಲ್ಲಿ ಕಾರ್ಖಾನೆಗಳಿಂದ ಹೊರಬಿದ್ದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಮಿಕ್ಕಿ. 2023ರಲ್ಲಿ ಸುಮಾರು 77 ಲಕ್ಷ. ಕೊಡಾಕ್ 2012ರಲ್ಲಿ ಡಿಜಿಟಲ್ ಕ್ಯಾಮೆರಾ ತಯಾರಿಕೆಯನ್ನೇ ನಿಲ್ಲಿಸಿತು, ಕ್ಯಾಸಿಯೋ 2018ರಲ್ಲಿ ಸಣ್ಣ ಕ್ಯಾಮೆರಾಗಳಿಂದ ಹಿಂದೆ ಸರಿಯಿತು. ಕಾರ್ಖಾನೆ ನಿಂತಿತು, ಆದರೆ ಆ ಕೋಟಿಗಟ್ಟಲೆ ಕ್ಯಾಮೆರಾಗಳು ಆವಿಯಾಗಲಿಲ್ಲ. ಅಥಣಿ, ರಾಯಬಾಗದ ಕಪಾಟುಗಳಲ್ಲಿ, ಸೀರೆಗಳ ನಡುವೆ, ಲೆನ್ಸು ಸ್ವಚ್ಛ, ಗುಂಡಿ ಸರಿಯಾಗಿದ್ದು, ಕೇವಲ ಒಂದು ಬ್ಯಾಟರಿಯಿಲ್ಲದೆ ಮಲಗಿವೆ.

ಮಿರಜಿನ ರಿಪೇರಿಯವರ ಬಳಿ ಹೋಗಿ ಎಂದು ಚಿಕ್ಕೋಡಿಯ ಸ್ಟುಡಿಯೋದವರೇ ಹೇಳಿದರು. ಚಿಕ್ಕೋಡಿಯಿಂದ ಅಂಕಲಿ, ಮಾಂಜರಿ, ಕಾಗವಾಡ ದಾಟಿ ಮ್ಹೈಸಾಳದ ಮೇಲೆ ಮಿರಜಕ್ಕೆ ಹೋಗುವ ದಾರಿ ಈ ಭಾಗದವರಿಗೆ ಅಂಗೈ ಗೆರೆ. ಹೆರಿಗೆಗೆ, ಎಲುಬು ಮುರಿದರೆ, ಕಣ್ಣಿಗೆ, ನಮ್ಮವರೆಲ್ಲ ಹಿಡಿಯುವ ದಾರಿ ಅದೇ. ಸಿತಾರು ತಂಬೂರಿ ಮಾಡುವವರ ಓಣಿಯೂ ಆ ಊರಿನಲ್ಲಿದೆ. ಒಣಗಿದ ಸೋರೆಬುರುಡೆಗೆ ದನಿ ಕೊಡುವ ಊರಿಗೆ ಸತ್ತ ಬ್ಯಾಟರಿ ಹಿಡಿದುಕೊಂಡು ಹೋಗುವುದು ನನಗೆ ಆಸೆಯ ಕೆಲಸವಾಗಿತ್ತು. ರಿಪೇರಿಯವನು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಮಾತಾಡುವ ಹುಡುಗ. ಮೀಟರಿನ ಎರಡು ಕಡ್ಡಿ ತಾಗಿಸಿ, "ಒಂದ ವೋಲ್ಟ್ ಸುದ್ದಾ ಇಲ್ರೀ ಮಾವಶಿ" ಎಂದ. ಕಂಪನಿ ಬರೆದದ್ದು 3.6 ವೋಲ್ಟು. ಪೂರ್ತಿ ತುಂಬಿದಾಗ 4.2ರ ತನಕ ಏರಬೇಕು.

ಅವನು ತಾಳ್ಮೆಯಿಂದ ಬಿಡಿಸಿ ಹೇಳಿದ, ನಾನು ಮನೆಗೆ ಬಂದು ಓದಿ ತಾಳೆ ನೋಡಿದೆ. ಲಿಥಿಯಂ ಅಯಾನ್ ಬ್ಯಾಟರಿ ಸುಮ್ಮನೆ ಇಟ್ಟರೂ ತನ್ನಷ್ಟಕ್ಕೆ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಅದರೊಳಗಿನ ಕಾವಲಿನ ಸರ್ಕ್ಯೂಟು ಬಾಗಿಲು ಹಾಕಿಕೊಳ್ಳುತ್ತದೆ. ಆಮೇಲೆ ಚಾರ್ಜರಿಗೆ ಹಾಕಿದರೆ ದೀಪ ಮಿಣುಕುತ್ತದೆ, ಚಾರ್ಜ್ ಆಗುವುದಿಲ್ಲ. ಇನ್ನೂ ಕೆಳಗಿಳಿದು ಬಹಳ ಕಾಲ ಬಿದ್ದರೆ ಒಳಗಿನ ತಾಮ್ರದ ಹಾಳೆಯೇ ಕರಗತೊಡಗುತ್ತದೆ. ಅಂಥ ಬ್ಯಾಟರಿಗೆ ಹಟದಿಂದ ಕರೆಂಟು ನುಗ್ಗಿಸಿದರೆ ಕರಗಿದ ತಾಮ್ರ ಬೇರೆ ಕಡೆ ಹೋಗಿ ಕೂತು ಒಳಗೇ ಶಾರ್ಟ್ ಆಗಬಹುದು, ಬೆಂಕಿ ಹತ್ತಬಹುದು. ಎರಡು ವೈರು ಕೊಟ್ಟು ಒಂದು ಝಟಕಾದಲ್ಲಿ ಎಬ್ಬಿಸುತ್ತೇವೆ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಡಬ್ಬಿ ಸೀಳಿ ಬೇರೆ ಸೆಲ್ಲು ಕೂರಿಸಿ ಅಂಟು ಹಾಕಿ ಕೊಡುವವರೂ ಇದ್ದಾರೆ. ಈ ಹುಡುಗ ಎರಡನ್ನೂ ಮಾಡಲಿಲ್ಲ. "ಎಬ್ಬಸಾಕ ಹೋಗಬ್ಯಾಡ್ರಿ, ಮನ್ಯಾಗ ಸಣ್ಣ ಹುಡುಗ್ರ ಇರ್ತಾವ" ಎಂದು ಕೈಗೆ ವಾಪಸು ಕೊಟ್ಟ. ರೊಕ್ಕವನ್ನೂ ಮುಟ್ಟಲಿಲ್ಲ. ಆಗುವುದಿಲ್ಲ ಎಂದು ಹೇಳುವ ಕುಶಲಕರ್ಮಿಯ ಮಾತಿಗೆ ಆಗುತ್ತದೆ ಎನ್ನುವವನ ಮಾತಿಗಿಂತ ಬೆಲೆ ಹೆಚ್ಚು.

ನಿಪ್ಪಾಣಿಯಲ್ಲಿ ನನಗೆ ಎರಡು ಸಲಹೆ ಸಿಕ್ಕವು. ಒಂದು, ಯುನಿವರ್ಸಲ್ ಚಾರ್ಜರು. ಬ್ಯಾಟರಿಯನ್ನು ಕಚ್ಚಿ ಹಿಡಿದು, ಎರಡು ಪಿನ್ನುಗಳನ್ನು ಬೇಕಾದಲ್ಲಿಗೆ ಸರಿಸಿ ತಾಗಿಸುವ ಪ್ಲಾಸ್ಟಿಕ್ಕಿನ ಸಾಧನ, ಮೇಲೊಂದು ಬಣ್ಣ ಬದಲಿಸುವ ದೀಪ. ಮೊಬೈಲು ಬ್ಯಾಟರಿ ಬಿಚ್ಚುತ್ತಿದ್ದ ಕಾಲದಲ್ಲಿ ಪ್ರತಿ ಮನೆಯಲ್ಲೂ ಇತ್ತು. ಅದನ್ನು ನಾನು ಒಪ್ಪಲಿಲ್ಲ. ಬಹಳಷ್ಟು ಕ್ಯಾಮೆರಾ ಬ್ಯಾಟರಿಗಳಲ್ಲಿ ಪ್ಲಸ್ಸು ಮೈನಸ್ಸಿನ ಜೊತೆಗೆ ಇನ್ನೊಂದು ಬಿಂದು ಇರುತ್ತದೆ, ಒಳಗಿನ ಶಾಖ ಎಷ್ಟೆಂದು ಚಾರ್ಜರಿಗೆ ತಿಳಿಸಲು. ಎರಡೇ ಪಿನ್ನಿನ ಚಾರ್ಜರು ಅದನ್ನು ಕೇಳುವುದೇ ಇಲ್ಲ.

ಎರಡನೆಯ ಸಲಹೆ ಕೊಟ್ಟವರು ಹಿರಿಯ ಸ್ಟುಡಿಯೋ ಮಾಲಕರು. "ಪೆನ್ಸಿಲ್ ಸೆಲ್ಲಿನ ಕ್ಯಾಮೆರಾ ತಗೋಬೇಕಿತ್ರೀ ಆವಾಗ" ಎಂದು ತಮ್ಮ ಕ್ಯಾನನ್ ಪವರ್‌ಶಾಟ್ ಎ570 ಐಎಸ್ ತೆಗೆದು ತೋರಿಸಿದರು. 2007ರದು. ಎರಡು ಪೆನ್ಸಿಲ್ ಸೆಲ್ಲು ಹಾಕಿದರು, ಲೆನ್ಸು ಚಕ್ಕನೆ ಹೊರಗೆ ಬಂತು. ಆ ಪೆನ್ಸಿಲ್ ಸೆಲ್ಲಿನ ಅಳತೆ, 50.5 ಮಿಲಿಮೀಟರ್ ಉದ್ದ, 14.5 ದಪ್ಪ, ಅಮೆರಿಕದ ಮಾನಕ ಸಂಸ್ಥೆಯ ಪಟ್ಟಿಗೆ ಸೇರಿದ್ದು 1947ರಲ್ಲಿ. ಕ್ಯಾಮೆರಾ ಬರುವ ಮೊದಲೇ ಇತ್ತು, ಹೋದ ಮೇಲೂ ಇರುತ್ತದೆ. ಆದರೆ ಗೋಡೆ ಗಡಿಯಾರದ ಅಗ್ಗದ ಸೆಲ್ಲು ನಡೆಯುವುದಿಲ್ಲ. ಲೆನ್ಸು ಅರ್ಧ ಹೊರಬಂದು ಕ್ಯಾಮೆರಾ ಬಂದ್ ಆಗುತ್ತದೆ. ಗಡಿಯಾರ ವರ್ಷವಿಡೀ ಹನಿ ಹನಿ ಕುಡಿಯುತ್ತದೆ, ಕ್ಯಾಮೆರಾಕ್ಕೆ ಒಂದೇ ಗುಟುಕಿಗೆ ಬಹಳ ಕರೆಂಟು ಬೇಕು, ಆ ಸತುವಿನ ಸೆಲ್ಲು ಅಷ್ಟು ಬೇಗ ಕೊಡಲಾರದು. ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕೆಲ್ ಸೆಲ್ಲು 1.5ರ ಬದಲು 1.2 ವೋಲ್ಟಿನದಾದರೂ ಚೆನ್ನಾಗಿ ಓಡಿಸುತ್ತದೆ. ಸಾನ್ಯೊ ಕಂಪನಿ 2005ರಲ್ಲಿ ಎನೆಲೂಪ್ ತಂದ ಮೇಲೆ, ಇಟ್ಟಲ್ಲೇ ಖಾಲಿಯಾಗುವ ಅದರ ಹಳೆಯ ದೋಷವೂ ಬಹಳ ಕಡಿಮೆಯಾಯಿತು. ಮನೆಯಲ್ಲಿ ಪೆನ್ಸಿಲ್ ಸೆಲ್ಲಿನ ಹಳೆ ಕ್ಯಾಮೆರಾ ಇದ್ದವರು ಭಾಗ್ಯವಂತರು, ಎರಡು ಒಳ್ಳೆಯ ಸೆಲ್ಲು ತಂದರೆ ಅವರ ಹುಡುಕಾಟ ಮುಗಿಯಿತು.

ನಿಪ್ಪಾಣಿಗೆ ಹೋದಾಗಲೆಲ್ಲ ನನಗೆ ಇನ್ನೊಂದು ಕ್ಯಾಮೆರಾದ ನೆನಪಾಗುತ್ತದೆ. 1980ರ ದಶಕದ ಆರಂಭದಲ್ಲಿ ಇಲ್ಲಿನ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳು ಸಂಘ ಕಟ್ಟಿದರು. ದೀಪಾ ಧನರಾಜ್, ನವರೋಜ್ ಕಾಂಟ್ರಾಕ್ಟರ್ ಮತ್ತು ಗೆಳೆಯರ 'ಯುಗಾಂತರ' ತಂಡ ಆ ಹೆಂಗಸರ ಜೊತೆ ಸೇರಿ 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಚಿತ್ರ ಮಾಡಿತು. ದಶಕಗಳ ನಂತರ ಬರ್ಲಿನ್ನಿನ ಆರ್ಸೆನಲ್ ಸಂಸ್ಥೆಯ ನೆರವಿನಿಂದ ಆ ಚಿತ್ರ ದುರಸ್ತಿಯಾಗಿ ಡಿಜಿಟಲ್ ರೂಪಕ್ಕೆ ಬಂತು. ನಿಪ್ಪಾಣಿಯ ಧೂಳಿನಲ್ಲಿ ಕೆಮ್ಮುತ್ತ ದುಡಿದ ಹೆಂಗಸರ ಮುಖ ಇವತ್ತು ನಾವು ನೋಡಬಹುದಾದರೆ, ಹಳೆಯ ಫಿಲ್ಮನ್ನು ಓದಬಲ್ಲ ಯಂತ್ರವನ್ನು ಎಲ್ಲೋ ಯಾರೋ ಸುಸ್ಥಿತಿಯಲ್ಲಿ ಇಟ್ಟುಕೊಂಡದ್ದರಿಂದ. ಕಾಕಾನ ಕಬ್ಬಿನ ಟೋಳಿಯ ಫೋಟೋಗಳೂ ನನ್ನ ಲೆಕ್ಕದಲ್ಲಿ ಅದೇ ಜಾತಿಯವು. ಯಾವ ಸಂಸ್ಥೆಯೂ ಅವಕ್ಕಾಗಿ ಬರುವುದಿಲ್ಲ, ಮನೆಯವರೇ ನೋಡಿಕೊಳ್ಳಬೇಕು.

ಕೊಲ್ಹಾಪುರದಲ್ಲಿ ಬ್ಯಾಟರಿ ಇತ್ತು. ಒಂದಲ್ಲ, ಎರಡು ಬಗೆ. ಒಂದರ ಮೇಲೆ 1800 ಎಂಎಎಚ್ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿತ್ತು. ಮೂಲ ಬ್ಯಾಟರಿಯ ಸಾಮರ್ಥ್ಯ 960. ಅದೇ ಉದ್ದ, ಅದೇ ಅಗಲ, ಅದೇ ದಪ್ಪದ ಡಬ್ಬಿಯಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಹಿಡಿಸುವುದು ಸಾಧ್ಯವಿಲ್ಲ. ಅಂಗೈಯಲ್ಲಿಟ್ಟು ತೂಗಿದರೆ ಹಳೆಯ ಸತ್ತ ಬ್ಯಾಟರಿಗಿಂತ ಹಗುರ. ಹೆಚ್ಚಿನ ಸಂಖ್ಯೆ ಬರೆದಷ್ಟೂ ಮಾಲು ಕಳಪೆ ಎಂದು ಎಣಿಸುವುದೇ ಈ ವ್ಯವಹಾರದಲ್ಲಿ ಕ್ಷೇಮ. ಇನ್ನೊಂದು ಸೀಲು ಒಡೆಯದ ಒರಿಜಿನಲ್, ಹಳೆ ಸ್ಟಾಕು. ಮನಸ್ಸು ಅದರ ಕಡೆಗೇ ಎಳೆಯಿತು. ಆದರೆ ಈ ಬ್ಯಾಟರಿಗೆ ಬಳಸಿದರೂ ವಯಸ್ಸಾಗುತ್ತದೆ, ಬಳಸದೆ ಇಟ್ಟರೂ ಆಗುತ್ತದೆ. ಹತ್ತು ಹನ್ನೆರಡು ವರ್ಷ ಅಂಗಡಿಯ ಬಿಸಿಲು ಬೀಳುವ ಗಾಜಿನ ಹಿಂದೆ ಕೂತ ಒರಿಜಿನಲ್ಲು, ಹೋದ ವರ್ಷ ತಯಾರಾದ ಒಳ್ಳೆಯ ಡುಪ್ಲಿಕೇಟಿಗಿಂತ ಕೀಳು. ಮಾಲಿನ ಹೆಸರಿಗಿಂತ ಅದರ ಹುಟ್ಟಿದ ತಾರೀಖು ಮುಖ್ಯ ಎಂಬುದು ನನಗೆ ಅಲ್ಲಿ ಗಟ್ಟಿಯಾಯಿತು. ಎರಡನ್ನೂ ಬಿಟ್ಟು ಬಂದೆ.

ಬರಿಗೈಯಲ್ಲಿ ಬಂದರೂ ಕೊಲ್ಹಾಪುರದ ಬಗ್ಗೆ ಒಂದು ಮಾತು ಹೇಳಲೇಬೇಕು. ಕ್ಯಾಮೆರಾವನ್ನು ಹೊರದೇಶದಿಂದ ತರಿಸಬೇಕಾಗಿದ್ದ ಕಾಲದಲ್ಲಿ, 1910ರ ದಶಕದ ಕೊನೆಗೆ, ಆ ಊರಿನ ಬಾಬುರಾವ್ ಪೇಂಟರ್ ತಮ್ಮ ಜೊತೆಗಾರರೊಂದಿಗೆ ಸಿನಿಮಾ ಕ್ಯಾಮೆರಾವನ್ನು ತಾವೇ ಕಟ್ಟಿಕೊಂಡರು, 1920ರಲ್ಲಿ 'ಸೈರಂಧ್ರಿ' ಮಾಡಿದರು. ಹಲ್ಲುಗಾಲಿಯ ಯಂತ್ರವಾದರೆ ಲೇತಿನ ಮೇಲೆ ಕಡೆದು ಮಾಡಬಹುದು. ರಸಾಯನದ ಬ್ಯಾಟರಿಯನ್ನು ಯಾವ ಮೇಸ್ತ್ರಿಯೂ ಮಾಡಲಾರ. ಕೈಯಲ್ಲಿ ಕಸಬು ಇದ್ದವರನ್ನೂ ಈ ಒಂದು ವಸ್ತು ಕಟ್ಟಿಹಾಕುತ್ತದೆ.

ರಾಯಬಾಗದಲ್ಲಿ ಏನೂ ಸಿಗಲಿಲ್ಲ. ಚಿಂಚಲಿ ಮಾಯಕ್ಕನ ಜಾತ್ರೆಗೆ ಬಂದು ಪರದೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದು ಅಲ್ಲೇ ಹಾಕಿಕೊಡುವವರನ್ನು ಕೇಳಿದೆ. ಅವರ ಕ್ಯಾಮೆರಾಗಳು ಬೇರೆ.

ಅಥಣಿಗೆ ಹೋದದ್ದು ಬ್ಯಾಟರಿಗಲ್ಲ. ಕ್ಯಾಮೆರಾದ ಕೊರಳಪಟ್ಟಿ ಪ್ರವಾಹದ ವರ್ಷ ಟ್ರಂಕಿನ ತೇವಕ್ಕೆ ಬೂಸ್ಟು ಹಿಡಿದು, ಮುಟ್ಟಿದರೆ ಪುಡಿಯಾಗುತ್ತಿತ್ತು. ಚೀಲವೂ ಹಾಗೆಯೇ. ಕೊಲ್ಹಾಪುರಿ ಚಪ್ಪಲಿ ಎಂದು ಜಗತ್ತು ಕರೆಯುವುದನ್ನು ಹೊಲಿಯುವ ಊರುಗಳಲ್ಲಿ ಅಥಣಿ ದೊಡ್ಡದು. ಆ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಕೂಡಿಯೇ ಸೇರಿದ್ದು, ಬೆಳಗಾವಿ ಅದರಲ್ಲೊಂದು. ಗಿಡದ ತೊಗಟೆ, ಕಾಯಿಗಳಲ್ಲಿ ಹದ ಮಾಡಿದ ಚರ್ಮ, ಮೊಳೆಯಿಲ್ಲದೆ ಚರ್ಮದ ದಾರದಲ್ಲೇ ಹೊಲಿಗೆ. ಮನೆಯ ಕಟ್ಟೆಯ ಮೇಲೆ ಕೂತು ಗಂಡ ಅಟ್ಟೆ ಕತ್ತರಿಸುತ್ತಿದ್ದ, ಹೆಂಡತಿ ಹೆಣೆಯುತ್ತಿದ್ದಳು. ಕ್ಯಾಮೆರಾದ ಎರಡು ಕಿವಿಯ ಕೊಂಡಿ ತೋರಿಸಿ ಪಟ್ಟಿ ಕೇಳಿದೆ. ಆ ಅವ್ವ ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡು ತೂಕ ನೋಡಿ, ಕೊರಳಿಗೆ ತಾಗುವ ಕಡೆ ಅಗಲ, ಕೊಂಡಿಯ ಕಡೆ ಸಪೂರ ಇರಲಿ ಎಂದು ತಾನೇ ನಿಶ್ಚಯಿಸಿದಳು. ಚೂರುಪಾರು ಉಳಿದ ಚರ್ಮದಲ್ಲಿ ಬ್ಯಾಟರಿ ಇಡಲು ಒಂದು ಸಣ್ಣ ಚೀಲವನ್ನೂ ಹೊಲಿದು ಕೊಟ್ಟಳು. ಬ್ಯಾಟರಿಯ ಲೋಹದ ಬಿಂದುಗಳು ಚಾವಿ, ಚಿಲ್ಲರೆಗೆ ತಾಗಿ ಶಾರ್ಟ್ ಆಗದಂತೆ ಬಾಯಿ ಮುಚ್ಚುವ ಚೀಲ. ನಾನು ಕಾರಣ ಹೇಳಿದ್ದೆ, ಅವಳಿಗೆ ಒಮ್ಮೆಗೇ ತಿಳಿಯಿತು. ಯಾವ ಕಂಪನಿ ನಿಲ್ಲಿಸಿದರೂ ನಿಲ್ಲದ ಬಿಡಿಭಾಗ ಇದೊಂದೇ. ಅಳತೆ ಕೊಟ್ಟರೆ ಸಾಕು, ಎದುರಿಗಿದ್ದ ವಸ್ತುವಿಗೆ ತಕ್ಕಂತೆ ಮಾಡಿಕೊಡುವ ಕೈ ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಇದೆ.

ಕಾರ್ಡಿನ ತಾಪತ್ರಯ ಬಗೆಹರಿದದ್ದು ಕಾಗವಾಡದಲ್ಲಿ, ಒಬ್ಬ ಕಾಲೇಜು ಹುಡುಗನಿಂದ. ಸೋನಿಯ ಪಿಎಸ್‌ಪಿ ಎಂಬ ಕೈಯಾಟದ ಯಂತ್ರಕ್ಕೂ ಅದೇ ಮೆಮೊರಿ ಸ್ಟಿಕ್ಕೇ ಬೇಕು. ಅದರ ಅಭಿಮಾನಿಗಳು ಜಗತ್ತಿನಾದ್ಯಂತ ಬಹಳ ಮಂದಿ, ಇನ್ನೂ ಆಡುತ್ತಾರೆ. ಅವರಿಗಾಗಿ ಒಂದು ಅಡಾಪ್ಟರು ಬರುತ್ತದೆ: ಮೆಮೊರಿ ಸ್ಟಿಕ್ಕಿನ ಆಕಾರದ ಪ್ಲಾಸ್ಟಿಕ್ಕು, ಅದರೊಳಗೆ ಮೊಬೈಲಿನ ಮೈಕ್ರೋ ಎಸ್‌ಡಿ ಕಾರ್ಡನ್ನು ತೂರಿಸಬಹುದು. ಹುಡುಗ ತನ್ನದನ್ನೇ ಕ್ಯಾಮೆರಾಕ್ಕೆ ಹಾಕಿ ನೋಡೋಣ ಎಂದ. ಕೇಬಲ್ಲಿನ ಚಿಂತೆಯೂ ಅದರಿಂದಲೇ ತೀರಿತು. ಮೈಕ್ರೋ ಎಸ್‌ಡಿಯನ್ನು ಹೊರಗೆ ತೆಗೆದು ಸಾದಾ ಕಾರ್ಡ್ ರೀಡರಿಗೆ ಹಾಕಿದರೆ ಫೋಟೋಗಳು ಕಂಪ್ಯೂಟರಿಗೆ ಬರುತ್ತವೆ. ಅದೇ ಹುಡುಗ ಆನ್‌ಲೈನಿನಲ್ಲಿ ಬ್ಯಾಟರಿ ಮತ್ತು ಚಾರ್ಜರನ್ನೂ ಹುಡುಕಿದ. ನಾನು ಅವನಿಗೆ ಮೂರು ಷರತ್ತು ಹೇಳಿದೆ. ಸಾಮರ್ಥ್ಯ ಮೂಲದ ಹತ್ತಿರವೇ ಬರೆದಿರಬೇಕು. ಭಾರತೀಯ ಮಾನಕ ಬ್ಯೂರೋದ ಗುರುತು, ಐಎಸ್ 16046 ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ, ಡಬ್ಬಿಯ ಮೇಲೆ ಕಾಣಬೇಕು. ತಯಾರಾದ ತಿಂಗಳು ಹಳೆಯದಿರಬಾರದು. ಹುಡುಕಿದ ಮೇಲೆ ಸಿಕ್ಕಿತು. ಎನ್‌ಪಿ-ಬಿಜಿ1 ಸಿಗಲು ಕಾರಣ ಮತ್ತೆ ಅದೇ: ಸೋನಿ 2006ರಿಂದ 2012ರವರೆಗೆ ತನ್ನ ಡಬ್ಲ್ಯೂ ಮತ್ತು ಎಚ್ ಸರಣಿಯ ಹತ್ತಾರು ಮಾಡೆಲ್ಲುಗಳಿಗೆ ಈ ಒಂದೇ ಬ್ಯಾಟರಿ ಇಟ್ಟಿತ್ತು. ಪ್ರತಿ ಮಾಡೆಲ್ಲಿಗೆ ಹೊಸ ಆಕಾರ ಕೊಟ್ಟಿದ್ದರೆ ನಕಲು ಮಾಡುವವರಿಗೂ ಲಾಭವಿರುತ್ತಿರಲಿಲ್ಲ.

ನಕಲು ಎಂದು ನಾವು ಹಗುರವಾಗಿ ಆಡುತ್ತೇವೆ. ಮೂಲದವರು ಮಾಡುವುದನ್ನು ಬಿಟ್ಟ ಮೇಲೆ ಒಳ್ಳೆಯ ನಕಲು ಮಾಡುವವನೇ ಆ ವಸ್ತುವಿಗೆ ಆಧಾರ. ಪ್ಯಾನಾಸಾನಿಕ್ 2009ರಲ್ಲಿ, ಬೇರೆಯವರ ಬ್ಯಾಟರಿ ಹಾಕಿದರೆ ಕ್ಯಾಮೆರಾ ಒಪ್ಪದಂತೆ ತನ್ನ ಕೆಲವು ಕ್ಯಾಮೆರಾಗಳ ತಂತ್ರಾಂಶವನ್ನು ಬದಲಿಸಿತ್ತು; ಸುರಕ್ಷತೆಗಾಗಿ ಎಂದು ಕಾರಣ ಕೊಟ್ಟಿತ್ತು. ಸುರಕ್ಷತೆಯ ಮಾತು ಸುಳ್ಳಲ್ಲ. ಆದರೆ ಬಾಗಿಲು ಹಾಕುವವರು ತಮ್ಮ ಬ್ಯಾಟರಿಯನ್ನು ಎಷ್ಟು ವರ್ಷ ಕೊಡುತ್ತೇವೆ ಎಂದೂ ಬರೆದುಕೊಡಬೇಕು. ಯುರೋಪಿನ ಒಕ್ಕೂಟ 2023ರಲ್ಲಿ ಒಂದು ಕಾಯಿದೆ ಮಾಡಿದೆ. 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಉಪಕರಣಗಳ ಬ್ಯಾಟರಿಯನ್ನು, ಕೆಲವು ವಿನಾಯಿತಿ ಬಿಟ್ಟು, ಬಳಸುವವರೇ ಬಿಚ್ಚಿ ಬದಲಿಸುವಂತಿರಬೇಕು. ಕೊನೆಯ ಉಪಕರಣ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ ಐದು ವರ್ಷ ಬದಲಿ ಬ್ಯಾಟರಿ ಸಿಗಬೇಕು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು, ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಅದು ಕಾಯಿದೆಯಾಗಬೇಕು. ಐದು ವರ್ಷವೂ ನನ್ನ ಮಟ್ಟಿಗೆ ಕಡಿಮೆ. ಹೊಲದ ಮನೆಯಲ್ಲಿ ಒಂದು ವಸ್ತು ಕೊಂಡರೆ ಹದಿನೈದು ವರ್ಷ ಬಾಳಿಸುವ ಲೆಕ್ಕ ಇರುತ್ತದೆ, ಕಾನೂನೂ ಆ ಲೆಕ್ಕಕ್ಕೆ ಹತ್ತಿರ ಬರಬೇಕು. ಅದಕ್ಕಿಂತ ಮುಖ್ಯವಾಗಿ, ಪೆನ್ಸಿಲ್ ಸೆಲ್ಲಿಗೆ ಆದಂತೆ ಲಿಥಿಯಂ ಬ್ಯಾಟರಿಗೂ ನಾಲ್ಕಾರು ಸಾರ್ವತ್ರಿಕ ಅಳತೆ ನಿಗದಿಯಾಗಬೇಕು.

ಕಾಕಾ ಈಗ ಫೋಟೋ ತೆಗೆಯುತ್ತಿದ್ದಾನೆ. ಮೊದಲ ಸಲ ಚಾಲೂ ಮಾಡಿದಾಗ ಕ್ಯಾಮೆರಾ ತಾರೀಖು ಕೇಳಿತು. ಇಷ್ಟು ವರ್ಷ ಕರೆಂಟಿಲ್ಲದೆ ಅದರೊಳಗಿನ ಗಡಿಯಾರ ನಿಂತುಹೋಗಿತ್ತು. ತಾರೀಖು ಸರಿ ಮಾಡದೆ ತೆಗೆದ ಫೋಟೋಗಳು ಕಂಪ್ಯೂಟರಿನಲ್ಲಿ ಎಲ್ಲೋ ಹಳೆಯ ವರ್ಷದ ಕೆಳಗೆ ಹೋಗಿ ಕೂರುತ್ತವೆ, ಆದ್ದರಿಂದ ಅದನ್ನು ಮೊದಲು ಮಾಡಬೇಕು. ಈ ಹಂಗಾಮಿನಲ್ಲಿ ಎತ್ತಿನ ಗಾಡಿಗಿಂತ ಟ್ರ್ಯಾಕ್ಟರೇ ಹೆಚ್ಚು, ಕಡಿಯುವ ಮಶೀನೂ ಕಾಣಿಸಿಕೊಂಡಿದೆ. ಟೋಳಿಗಳು ಬರುತ್ತಲೇ ಇವೆ. ಹೊಸ ಬ್ಯಾಟರಿ ಒಂದು ಮುಂಜಾನೆಯ ಕೆಲಸಕ್ಕೆ ಸಾಲುತ್ತದೆ. ಅದಕ್ಕೇ ಜೋಡಿ ತರಿಸಿದ್ದೇವೆ.

ಓದುಗರಲ್ಲಿ ಒಂದೆರಡು ವಿನಂತಿ. ಮನೆಯಲ್ಲಿ ಹಳೆಯ ಡಿಜಿಟಲ್ ಕ್ಯಾಮೆರಾ ಇದ್ದರೆ ಇವತ್ತೇ ತೆರೆದು ಬ್ಯಾಟರಿಯನ್ನು ಹೊರಗೆ ತೆಗೆಯಿರಿ. ಉಬ್ಬಿದ್ದರೆ ಚುಚ್ಚಬೇಡಿ, ಚಾರ್ಜ್ ಮಾಡಬೇಡಿ, ಕಸದ ಗಾಡಿಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅದನ್ನು ವಾಪಸು ಪಡೆದು ವಿಲೇವಾರಿ ಮಾಡಿಸುವ ಹೊಣೆ ತಯಾರಕರದು, ಹಳೆ ಬ್ಯಾಟರಿ ತೆಗೆದುಕೊಳ್ಳುವ ಅಂಗಡಿಯನ್ನು ಕೇಳಿ ಅಲ್ಲಿಗೆ ಕೊಡಿ. ಚೆನ್ನಾಗಿದ್ದರೆ ಅರ್ಧದಷ್ಟು ಚಾರ್ಜ್ ಮಾಡಿ ತಂಪಾದ ಜಾಗದಲ್ಲಿಡಿ, ಕೆಲವು ತಿಂಗಳಿಗೊಮ್ಮೆ ನೋಡಿ. ಕ್ಯಾಮೆರಾ ಕೆಟ್ಟು ಚಾರ್ಜರು, ಕಾರ್ಡು, ಕೇಬಲ್ಲು ಮಾತ್ರ ಉಳಿದಿದ್ದರೆ ಗುಜರಿಗೆ ಹಾಕುವ ಮೊದಲು ಮಾಡೆಲ್ಲಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಅದಕ್ಕೆ ಕಟ್ಟಿ, ನಿಮ್ಮ ಊರಿನ ಸ್ಟುಡಿಯೋದವರಿಗೆ ಕೊಡಿ. ಅವರ ಖಾನೆಯಲ್ಲಿ ಜಾಗವಿದೆ. ಚಿಕ್ಕೋಡಿಯಲ್ಲಾದರೆ ನಾನೇ ತೆಗೆದುಕೊಂಡು ಹೋಗಿ ಕೊಡುತ್ತೇನೆ.